ಪಿಟೀಲಿನ ನಾದ, ಕಥೆಯ ಮಾತು

ಗಮಕಿಯು ಪದ್ಯವನ್ನು ಹಾಡುವುದು, ವ್ಯಾಖ್ಯಾನಕಾರರು ಅದರ ಅರ್ಥವನ್ನು ಬಿಡಿಸಿ ಹೇಳುವುದು ನಮಗೆ ಪರಿಚಿತವಾದ ಪದ್ಧತಿ. ಅಲ್ಲಿ ನಾದವೂ ಮಾತೂ ಒಂದೇ ಕಾವ್ಯವನ್ನು ಸೇವಿಸುತ್ತವೆ. ಆದರೆ ಸಾಹಿತ್ಯವೇ ಇಲ್ಲದ ಪಿಟೀಲುವಾದನದ ನಡುವೆ ಕಥೆಯ ಪುಟಗಳನ್ನು ಓದಿದರೆ ಏನಾದೀತು? ಪಾಶ್ಚಾತ್ಯ ಸಂಗೀತದಲ್ಲಿ ಇದಕ್ಕೆ ಸಹಜವಾಗಿ ಒದಗುವ ಜೋಡಿಯೊಂದಿದೆ: ಬೀಥೋವನನ ‘ಕ್ರಾಯ್ಟ್ಸರ್ ಸೊನಾಟಾ’ ಮತ್ತು ಅದೇ ಹೆಸರಿನ ಟಾಲ್‌ಸ್ಟಾಯ್ ಕಥೆ.

ಪಿಟೀಲು ಮತ್ತು ಪಿಯಾನೋಗಳಿಗೆ ಸಮಾನ ಸ್ಥಾನವಿರುವ ಈ ಕೃತಿ 1803ರ ಮೇ 24ರಂದು ವಿಯೆನ್ನಾ ನಗರದಲ್ಲಿ ಮೊದಲು ಕೇಳಿಬಂದಿತು. ಪಿಟೀಲು ನುಡಿಸಿದವನು ಬ್ರಿಜ್‌ಟವರ್. ಪಿಯಾನೋ ನುಡಿಸಿದವನು ಸ್ವತಃ ಬೀಥೋವನ್. ಎರಡನೆಯ ಭಾಗವನ್ನು ನಕಲು ಮಾಡಲು ಸಮಯ ಸಾಲದೆ ಹಸ್ತಪ್ರತಿಯನ್ನೇ ನೋಡಿ ನುಡಿಸಬೇಕಾಯಿತಂತೆ. ಮುಂದೆ ಕೃತಿಯನ್ನು ಕ್ರಾಯ್ಟ್ಸರ್ ಎಂಬ ಫ್ರೆಂಚ್ ವಾದಕನಿಗೆ ಅರ್ಪಿಸಲಾಯಿತು. ಆತ ಅದನ್ನು ಸಭೆಯಲ್ಲಿ ನುಡಿಸಲೇ ಇಲ್ಲವೆನ್ನುತ್ತಾರೆ.

1888ರಲ್ಲಿ ಟಾಲ್‌ಸ್ಟಾಯ್ ಮನೆಯಲ್ಲಿ ಈ ಸೊನಾಟಾ ನಡೆಯಿತು. ಅದನ್ನು ಕೇಳಿ ತಾವೊಂದು ಕಥೆ ಬರೆಯುವುದು, ನಟ ಆಂಡ್ರೇಯೆವ್-ಬುರ್ಲಾಕ್ ಅದನ್ನು ಓದುವುದು, ರೆಪಿನ್ ಚಿತ್ರ ರಚಿಸುವುದು ಎಂದು ಟಾಲ್‌ಸ್ಟಾಯ್ ಯೋಚಿಸಿದರು. ನಟ ಅದೇ ವರ್ಷ ತೀರಿಕೊಂಡ; ಯೋಚನೆ ಅಲ್ಲಿಗೇ ನಿಂತಿತು. ಕಥೆ ಮಾತ್ರ 1889ರಲ್ಲಿ ಪೂರ್ಣವಾಯಿತು. ರಷ್ಯದ ಸರ್ಕಾರ ಅದನ್ನು ತಡೆದಾಗ, 1891ರಲ್ಲಿ ಟಾಲ್‌ಸ್ಟಾಯ್ ಅವರ ಪತ್ನಿಯೇ ಝಾರ್ ದೊರೆಯನ್ನು ಕಂಡು ಅನುಮತಿ ತಂದರು.

ಕಥೆ ನಡೆಯುವುದು ರೈಲಿನಲ್ಲಿ. ಪಿಟೀಲುವಾದಕನೊಡನೆ ಪಿಯಾನೋ ನುಡಿಸಿದ ಹೆಂಡತಿಯನ್ನು ಸಂಶಯದಿಂದ ಕೊಂದ ಪೊಜ್ದ್‌ನಿಶೆವ್ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುತ್ತಾನೆ. ಸೊನಾಟಾದ ಮೊದಲ ಭಾಗದ ವೇಗ ಅವನ ಮನಸ್ಸನ್ನು ಕದಡುತ್ತದೆ.

ಇಂಥ ಕಾರ್ಯಕ್ರಮ ನಿಮಗೆ ದೊರೆತರೆ, ಮೊದಲ ಭಾಗವನ್ನು ಓದಿಗೆ ಮುಂಚೆಯೇ ಒಮ್ಮೆ ಕೇಳಿರಿ. ಒಂಟಿ ಪಿಟೀಲು ನಿಧಾನವಾಗಿ ನುಡಿಯುತ್ತದೆ; ಪಿಯಾನೋ ಉತ್ತರ ಕೊಡುತ್ತದೆ; ಬಳಿಕ ಇಬ್ಬರೂ ಓಟಕ್ಕಿಳಿಯುತ್ತಾರೆ. ಓದಿನ ಅನಂತರ ಅದನ್ನೇ ಮತ್ತೆ ಕೇಳಿದರೆ ಆ ಸಂವಾದದಲ್ಲಿ ನಿಮಗೂ ಏನೋ ಗುಟ್ಟು ಕೇಳಿಸಬಹುದು. ಸ್ವರವೊಂದೂ ಬದಲಾಗಿಲ್ಲ, ಬದಲಾದದ್ದು ನಮ್ಮ ಕಿವಿ. ಕಥೆಯ ಗಂಡನಿಗೆ ಆದದ್ದೂ ಇದೇ ಅಲ್ಲವೆ?

ಮುಂದಿನ ಎರಡು ಭಾಗಗಳನ್ನು ಅವನು ಸಾಮಾನ್ಯವೆಂದು ತಳ್ಳಿಹಾಕುತ್ತಾನೆ. ಅವುಗಳಲ್ಲಿ ಒಂದು ಶಾಂತವಾದ ರಾಗವಿಸ್ತಾರ. ಇನ್ನೊಂದು ಕುಣಿಯುವ ಲಯ. ಕೊಲೆಗಾರನ ತೀರ್ಪನ್ನು ನಾವೇಕೆ ಒಪ್ಪಬೇಕು? ಆದ್ದರಿಂದ ಕಥೆಯ ಓದು ಮುಗಿದ ಕೂಡಲೆ ರೇಡಿಯೋದ ಗುಂಡಿ ತಿರುಗಿಸಬೇಡಿ. ಕಡೆಯ ಮಾತನ್ನು ಪಿಟೀಲಿಗೇ ಬಿಡಿ.