ಮದುವೆಗೆ ವೈನ್ ಬೇಕೇ? ಹುಣಸೆ ಪಾನಕದ ಲೆಕ್ಕ ನೋಡಿ

ಮದುವೆಗೆ ವೈನ್ ಇಡಬಹುದಾ ಅಂತ ಈಗ ನಮ್ಮ ಸಿರಾ, ಪಾವಗಡ ಕಡೆಯ ಹಳ್ಳಿಗಳಲ್ಲೂ ಹುಡುಗರು ಕೇಳ್ತಾರೆ. ಬೆಂಗಳೂರಲ್ಲಿ ಕೆಲಸಕ್ಕಿರುವವರು ಅಲ್ಲಿ ಕಂಡದ್ದನ್ನು ಇಲ್ಲಿ ಚಪ್ಪರದಡಿಗೂ ತರಬೇಕು ಅಂತಾರೆ. ಬ್ರಾಂದಿ ವಿಸ್ಕಿಯ ಹಾಗಲ್ಲ, ಇದು ಮರ್ಯಾದಸ್ತರು ಕುಡಿಯೋದು, ಹಣ್ಣಿನ ರಸ ತಾನೇ ಅನ್ನೋದು ಅವರ ವಾದ. ಬೈದು ಬಾಯಿ ಮುಚ್ಚಿಸೋದಕ್ಕಿಂತ ವೈನ್ ಅಂದ್ರೆ ಏನು, ಅದಕ್ಕೆ ಏನೇನು ಬೇಕು, ಅದರ ಬದಲು ನಮ್ಮ ಹೊಲದ ಬದುವಿನಲ್ಲಿ ಏನಿದೆ ಅಂತ ಬಿಡಿಸಿ ಹೇಳೋದು ವಾಸಿ.

ವೈನಿಗೆ ಮದುವೆಯಲ್ಲಿ ಜಾಗ ಇಲ್ಲ ಅಂತೇನಲ್ಲ. ಕ್ರೈಸ್ತರ ಬೈಬಲ್ಲಿನಲ್ಲಿ ಕಾನಾ ಎಂಬ ಊರಿನ ಮದುವೆ ಮನೆಯಲ್ಲಿ ದ್ರಾಕ್ಷಾರಸ ಮುಗಿದುಹೋಗಿ, ಯೇಸು ನೀರನ್ನೇ ದ್ರಾಕ್ಷಾರಸ ಮಾಡಿದ ಕಥೆ ಇದೆ. ಯೆಹೂದಿಗಳ ಮದುವೆಯಲ್ಲಿ ಬಟ್ಟಲಿನ ದ್ರಾಕ್ಷಾರಸಕ್ಕೆ ಮಂತ್ರ ಹೇಳಿ ವಧೂವರರಿಗೆ ಕುಡಿಸುತ್ತಾರೆ. ಮಂಗಳೂರು ಕಡೆಯ ಕ್ರೈಸ್ತರಲ್ಲಿ ಮದುಮಕ್ಕಳಿಗೆ ಶುಭ ಕೋರುವಾಗ ಎಲ್ಲರೂ ವೈನ್ ಲೋಟ ಎತ್ತುವುದುಂಟು. ಅದು ಅವರವರ ಶಾಸ್ತ್ರ, ಅವರಿಗೆ ಅದು ಸರಿ. ನಮ್ಮ ಕಡೆ ದಿಬ್ಬಣ ಬಂದಾಗ ಕಾಲಿಗೆ ನೀರು, ಕೈಗೆ ಪಾನಕ. ಕೆಲಸ ಒಂದೇ, ಬಂದವರ ಬಾಯಾರಿಕೆ ನೀಗಿಸಿ ಒಳಗೆ ಕರೆಯೋದು.

ಈಗ ಲೆಕ್ಕಕ್ಕೆ ಬನ್ನಿ. ಒಂದು ವೈನ್ ಬಾಟಲಿ 750 ಮಿಲಿ, ಅಂದ್ರೆ 150 ಮಿಲಿಯ ಐದು ಲೋಟ. ಐನೂರು ಜನರಲ್ಲಿ ಅರ್ಧದಷ್ಟು ಜನ ಒಂದೊಂದೇ ಲೋಟ ತಗೊಂಡ್ರೂ ಐವತ್ತು ಬಾಟಲಿ ಬೇಕು. ಬಾಟಲಿ ದರ ಅಂಗಡಿಯಲ್ಲಿ ಕೇಳಿ ನೀವೇ ಗುಣಿಸಿ. ಇದಲ್ಲದೆ ಸಮಾರಂಭದಲ್ಲಿ ಮದ್ಯ ಕೊಡಬೇಕಾದ್ರೆ ಆ ದಿನದ ಮಟ್ಟಿಗೆ ಅಬಕಾರಿ ಇಲಾಖೆಯ ಪರವಾನಗಿ ಬೇಕು. ಅದೆಲ್ಲಾ ಯಾಕೆ, ಮನೆಯಲ್ಲೇ ದ್ರಾಕ್ಷಿ ಹಿಂಡಿ ಮಾಡ್ಕೊಂಡ್ರಾಯ್ತು ಅನ್ನುವವರೂ ಇದ್ದಾರೆ. 1965ರ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸೋದು ಅಪರಾಧ. ಮದುವೆ ಮನೆಗೆ ಪೋಲೀಸು, ಅಬಕಾರಿಯವರನ್ನ ನಾವೇ ಕರೆದ ಹಾಗೆ.

ದ್ರಾಕ್ಷಿ ಬೆಳೆಯುವವರಿಗೆ ವೈನಿನಿಂದ ಅನುಕೂಲ ಇದೆ, ಅದನ್ನು ಅಲ್ಲಗಳೆಯೋದಿಲ್ಲ. ಚಿಕ್ಕಬಳ್ಳಾಪುರ, ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿ ಜ್ಯೂಸಿಗೂ ವೈನಿಗೂ ಹೋಗುತ್ತದೆ. 2007ರಲ್ಲಿ ಸರಕಾರ ದ್ರಾಕ್ಷಾರಸ ನೀತಿ ಮಾಡಿ ಒಂದು ಮಂಡಳಿಯನ್ನೂ ಕಟ್ಟಿತು. ಆದರೆ ದ್ರಾಕ್ಷಿಗೆ ಕೊಳವೆಬಾವಿ, ಕಲ್ಲುಕಂಬ, ತಂತಿ ಚಪ್ಪರ ಬೇಕು. ಮಳೆ ನಂಬಿದ ನಮಗೆ ಅದು ದೂರ. ನಮಗೆ ದೇವರು ಕೊಟ್ಟ ದ್ರಾಕ್ಷಿ ಅಂದ್ರೆ ಹುಣಸೆ. ತಮಾಷೆಗೆ ಹೇಳ್ತಿಲ್ಲ. ದ್ರಾಕ್ಷಿಯಲ್ಲಿ ಹುಳಿ ಕೊಡುವ ಟಾರ್ಟಾರಿಕ್ ಆಮ್ಲವೇ ಹುಣಸೆಯಲ್ಲೂ ಇರೋದು, ಅದೂ ಬಹಳ ಹೆಚ್ಚಿಗೆ. ಹುಣಸೆ ಬಡಿಯೋದು ಮಾಘ ಫಾಲ್ಗುಣದಲ್ಲಿ, ಮದುವೆಗಳು ಕೂಡೋದೂ ಅಲ್ಲಿಂದ ಮುಂದಕ್ಕೇ. ಕುಟ್ಟಿ ಬೀಜ ತೆಗೆದು ತುಮಕೂರು ಮಂಡಿಗೆ ಹಾಕಿ, ಆ ದುಡ್ಡಲ್ಲಿ ಮದುವೆಗೆ ಬಣ್ಣದ ನೀರಿನ ಬಾಟಲಿ ತರ್ತೀವಲ್ಲ, ಇದಕ್ಕೇನನ್ನಬೇಕು?

ಆದರೆ ಪಾನಕ ಅಂದ ಕೂಡಲೇ ಹೆಂಗಸರು ಹೆದರೋದಕ್ಕೆ ಕಾರಣ ಇದೆ. ರಾತ್ರಿಯೇ ಕಲಸಿಟ್ಟ ಪಾನಕ ಮಾರನೆ ಮಧ್ಯಾಹ್ನಕ್ಕೆ ನೊರೆ ಬಂದು ಹುಳಿವಾಸನೆ ಹೊಡೆದದ್ದನ್ನು ಎಲ್ಲರೂ ಎಲ್ಲೋ ಒಂದು ಕಡೆ ನೋಡಿರ್ತಾರೆ. ಅದು ಯಾಕೆ ಹಾಗಾಗುತ್ತದೆ ಅಂತ ತಿಳಿದ್ರೆ ತಡೆಯೋದು ಸುಲಭ.

ಈಚಲು ಮರದ ನೀರಾ ನಿಮಗೆ ಗೊತ್ತು. ಬೆಳಗಿನ ಜಾವ ಇಳಿಸಿದ್ದು ಸಿಹಿ. ಬಿಸಿಲೇರಿದಂತೆ ನೊರೆ ಏಳುತ್ತೆ, ಮಧ್ಯಾಹ್ನಕ್ಕೆ ಹೆಂಡ. ಯಾರೂ ಅದಕ್ಕೆ ಏನೂ ಹಾಕಿರೋದಿಲ್ಲ. ಗಾಳಿಯಲ್ಲಿ, ಮಡಕೆಯಲ್ಲಿ, ಹಣ್ಣಿನ ಸಿಪ್ಪೆ ಮೇಲೆ ಯೀಸ್ಟ್ ಅನ್ನುವ ಕಣ್ಣಿಗೆ ಕಾಣದ ಜೀವಿ ಇರ್ತದೆ. ಅದು ಸಕ್ಕರೆ ತಿಂದು ಮದ್ಯಸಾರ ಮಾಡ್ತದೆ, ಜೊತೆಗೆ ಗಾಳಿ ಬಿಡ್ತದೆ. ಆ ಗಾಳಿಯೇ ನೊರೆ. ನೀರಾ ಇಳಿಸುವವರು ಮಡಕೆ ಒಳಗೆ ಸುಣ್ಣ ಬಳಿಯೋದು ಇದನ್ನು ತಡೆಯೋದಕ್ಕೇ. ದ್ರಾಕ್ಷಿ ರಸಕ್ಕೂ ಇದೇ ಆಗಿ ವೈನ್ ಆಗೋದು. ವೈನ್ ಮಾಡುವವರು ಅದನ್ನು ಅಳತೆಯಲ್ಲಿ, ಮುಚ್ಚಿದ ಪಾತ್ರೆಯಲ್ಲಿ, ತಣ್ಣಗೆ ಹಿಡಿದು ಮಾಡ್ತಾರೆ. ನಮ್ಮ ಕೊಳಗದಲ್ಲಿ ಅದು ತನ್ನಿಷ್ಟಕ್ಕೆ ನಡೀತದೆ, ಜೊತೆಗೆ ಬೇರೆ ಕೆಟ್ಟ ಜೀವಿಗಳೂ ಸೇರ್ತವೆ. ಕುಡಿಯೋದು ಮಕ್ಕಳು ಮುದುಕರು. ವಾಂತಿ ಭೇದಿ ಶುರುವಾದ್ರೆ ಮದುವೆ ಮನೆ ಹೆಸರು ನಾಲ್ಕೂರಿಗೆ ಹೋಗ್ತದೆ, ಆಸ್ಪತ್ರೆ ಖರ್ಚು ಬೇರೆ.

ಇಲ್ಲೊಂದು ಗುಟ್ಟಿದೆ. ಈ ಜೀವಿಗಳಿಗೆ ಸಕ್ಕರೆ ಎಷ್ಟು ಬೇಕೋ ನೀರೂ ಅಷ್ಟೇ ಬೇಕು. ತೆಳ್ಳಗಿನ ಪಾನಕದಲ್ಲಿ ಕುಣಿದಾಡ್ತವೆ. ನೂರು ಭಾಗದಲ್ಲಿ 65 ಭಾಗ ಸಕ್ಕರೆಯೇ ಇರುವ ದಪ್ಪ ಪಾಕದಲ್ಲಿ ಅವು ಬೆಳೆಯೋದಿಲ್ಲ, ಇರುವ ನೀರನ್ನೆಲ್ಲ ಸಕ್ಕರೆಯೇ ಹಿಡಿದಿಟ್ಟುಕೊಳ್ತದೆ. ಜೇನುತುಪ್ಪ ಕೆಡದೆ ಇರೋದಕ್ಕೂ ಇದೇ ದೊಡ್ಡ ಕಾರಣ. ಆದ್ದರಿಂದ ಪಾನಕವನ್ನು ಮುಂಚೆ ಮಾಡಿಡಬೇಡಿ, ಪಾಕವನ್ನು ಮಾಡಿಡಿ. ನೀರು ಬೆರೆಸೋದು ದಿಬ್ಬಣ ಬರುವ ಹೊತ್ತಿಗೆ.

ನೂರು ಲೀಟರ್ ಪಾನಕಕ್ಕೆ, ಅಂದ್ರೆ ಐನೂರು ಜನಕ್ಕೆ ಒಂದು ಲೋಟ ಕೊಟ್ಟು ಕೇಳಿದವರಿಗೆ ಇನ್ನೊಂದು ಕೊಡುವಷ್ಟಕ್ಕೆ, ಬೀಜ ನಾರು ತೆಗೆದ ಹುಣಸೆ 3 ಕಿಲೋ, ಬೆಲ್ಲ 12 ಕಿಲೋ ಸಾಕು. ಏಲಕ್ಕಿ 50 ಗ್ರಾಂ, ಒಣಶುಂಠಿ 100 ಗ್ರಾಂ, ಕಾಳುಮೆಣಸು 50 ಗ್ರಾಂ, ಉಪ್ಪು ಒಂದು ಹಿಡಿ. ಹುಣಸೆ ಹೊಸದೇ ಆಗಬೇಕು. ಹಳೆಯ ಕಪ್ಪು ಹುಣಸೆ ಸಾರಿಗೆ ಆದೀತು, ಪಾನಕಕ್ಕೆ ಹಾಕಿದ್ರೆ ನೋಡಿದವರು ಲೋಟ ಕೆಳಗಿಡ್ತಾರೆ.

ಹುಣಸೆಯನ್ನು 6 ಲೀಟರ್ ಕುದಿನೀರಲ್ಲಿ ಒಂದು ಗಂಟೆ ನೆನೆಹಾಕಿ. ಚೆನ್ನಾಗಿ ಕಿವುಚಿ, ಶುಭ್ರವಾದ ಬಟ್ಟೆಯಲ್ಲಿ ಸೋಸಿ. ಬೆಲ್ಲ ಕುಟ್ಟಿ ಇದೇ ರಸಕ್ಕೆ ಹಾಕಿ ಬಿಸಿ ಮಾಡಿ, ಕರಗಿದ ಮೇಲೆ ಮತ್ತೊಂದು ಸಾರಿ ಸೋಸಿ, ಯಾಕೆಂದ್ರೆ ಬೆಲ್ಲದಲ್ಲಿ ಮರಳು ಕಡ್ಡಿ ಇದ್ದೇ ಇರ್ತದೆ. ಆಮೇಲೆ ಕುದಿಸಿ, ಮೇಲೆ ಬರುವ ಕೊಳೆ ನೊರೆ ತೆಗೀತಾ ಹೋಗಿ. ಸೌಟಿಗೆ ಅಂಟಬೇಕು, ಆರಿಸಿದ ಹನಿ ಎರಡು ಬೆರಳ ನಡುವೆ ಅಂಟಬೇಕು, ಆದರೆ ಎಳೆ ಬರಬಾರದು. ಎಳೆ ಪಾಕವಾದ್ರೆ ಆರಿದಾಗ ಗಟ್ಟಿಯಾಗಿ ತಳ ಹಿಡಿಯುತ್ತದೆ. ಇಳಿಸುವ ಮುಂಚೆ ಪುಡಿಗಳನ್ನೂ ಉಪ್ಪನ್ನೂ ಹಾಕಿ ಒಂದು ಕುದಿ ಕೊಡಿ. ಸುಮಾರು 14 ಲೀಟರ್ ಪಾಕ ಸಿಗ್ತದೆ. ಒಂದು ಪಾತ್ರೆ ಪಾಕಕ್ಕೆ ಆರು ಪಾತ್ರೆ ನೀರು, ಲೆಕ್ಕ ಇಷ್ಟೇ.

ಬಿಸಿ ಇರುವಾಗ ಮುಚ್ಚಳ ಬಿಗಿಯಬೇಡಿ. ಹಬೆ ಮುಚ್ಚಳಕ್ಕೆ ತಾಗಿ ಹನಿಯಾಗಿ ಪಾಕದ ಮೇಲೆ ಬೀಳ್ತದೆ, ಆ ಮೇಲ್ಪದರ ತೆಳುವಾಗಿ ಅಲ್ಲೇ ಬೂಷ್ಟು ಹಿಡಿಯೋದು. ಉಪ್ಪಿನಕಾಯಿ ಹಾಕುವ ಹೆಂಗಸರಿಗೆ ಇದು ಗೊತ್ತಿರುವ ವಿಷಯವೇ. ಬಟ್ಟೆ ಕಟ್ಟಿ ಆರಿಸಿ, ಆಮೇಲೆ ಮುಚ್ಚಿ. ಒದ್ದೆ ಸೌಟು ಹಾಕಬೇಡಿ. ಹೀಗೆ ಮಾಡಿದ್ದು ಮದುವೆಗೆ ಒಂದು ವಾರ ಮುಂಚೆ ಮಾಡಿಟ್ರೂ ಏನೂ ಆಗೋದಿಲ್ಲ. ಮುಚ್ಚಳ ತೆಗೆದಾಗ ಬುಸ್ ಅಂದ್ರೆ, ಗುಳ್ಳೆ ಕಂಡ್ರೆ, ಪಾಕ ತೆಳುವಾಗಿತ್ತು ಅಂತ ಅರ್ಥ. ರುಚಿ ನೋಡೋ ಗೋಜಿಗೆ ಹೋಗದೆ ಚೆಲ್ಲಿ.

ಪಾತ್ರೆಯ ವಿಷಯ ಸ್ವಲ್ಪ ಬಿಗಿಯಾಗೇ ಹೇಳಬೇಕು. ಮದುವೆಗೆ ಬಾಡಿಗೆ ತರುವ ತಾಮ್ರ ಹಿತ್ತಾಳೆ ಕೊಳಗಕ್ಕೆ ಕಲಾಯಿ ಹೋಗಿದ್ರೆ ಹುಣಸೆ ಹುಳಿ ಅದನ್ನು ತಿಂದು ಕಿಲುಬು ಬಿಡ್ತದೆ, ಅದು ವಿಷ. ಅಲ್ಯೂಮಿನಿಯಮ್ ಕೂಡ ಹುಳಿಗೆ ಬೇಡ. ಸ್ಟೀಲು, ಪಿಂಗಾಣಿ ಭರಣಿ, ಗಾಜು ಒಳ್ಳೆಯದು. ಇದಕ್ಕಿಂತ ಕೆಟ್ಟದ್ದು ನಮ್ಮ ಹೊಲದ ಡ್ರಮ್ಮು. ಕೀಟನಾಶಕ ಬಂದ ಕ್ಯಾನು, ಔಷಧಿ ಕಲಸುವ ಡ್ರಮ್ಮನ್ನು ಸೋಪು ಹಾಕಿ ನಾಲ್ಕು ಸಾರಿ ತೊಳೆದೆವು ಅಂತ ನೀರು ತುಂಬುವವರಿದ್ದಾರೆ. ಪ್ಲಾಸ್ಟಿಕ್ಕು ಔಷಧಿಯನ್ನು ಹೀರಿಕೊಂಡಿರ್ತದೆ, ತೊಳೆದ್ರೆ ಪೂರಾ ಹೋಗೋದಿಲ್ಲ. ಆ ಡ್ರಮ್ಮು ಮದುವೆ ಅಂಗಳಕ್ಕೇ ಬರಬಾರದು.

ಬೆರೆಸುವ ನೀರು ಸುಮಾರು 86 ಲೀಟರ್ ಬೇಕು. ಊರಲ್ಲಿ ಶುದ್ಧ ನೀರಿನ ಘಟಕ ಇದ್ರೆ ಇಪ್ಪತ್ತು ಲೀಟರಿನ ಐದು ಕ್ಯಾನು ಸಾಕು. ಇಲ್ಲದಿದ್ರೆ ಹಿಂದಿನ ರಾತ್ರಿ ಕುದಿಸಿ ಆರಿಸಿಡಿ. ಐಸುಗಡ್ಡೆ ಒಳಗೆ ಹಾಕಬೇಡಿ, ಪೇಟೆಯಿಂದ ಹೊಟ್ಟಿನಲ್ಲಿ ಸುತ್ತಿ ಬರುವ ಆ ಗಡ್ಡೆ ಯಾವ ನೀರಿಂದಾದದ್ದೋ ಯಾರಿಗೂ ಗೊತ್ತಿರೋದಿಲ್ಲ. ತಣ್ಣಗಾಗಬೇಕಾದ್ರೆ ಹೊಸ ಮಣ್ಣಿನ ಗುಡಾಣಕ್ಕೆ ನೀರು ತುಂಬಿ, ಒದ್ದೆ ಗೋಣಿ ಸುತ್ತಿ, ಮರಳ ಮೇಲೆ ನೆರಳಲ್ಲಿಡಿ. ಗಾಳಿಯಾಡುವ ಜಾಗವಾದ್ರೆ ಇನ್ನೂ ಚೆನ್ನ.

ಎಲ್ಲಾ ಒಂದೇ ಸಾರಿ ಬೆರೆಸಬೇಡಿ. ದಿಬ್ಬಣಕ್ಕೆ ಅರ್ಧ, ಧಾರೆ ಮುಗಿಯುವ ಹೊತ್ತಿಗೆ ಅರ್ಧ. ಬೇಸಗೆಯಲ್ಲಿ ಬೆರೆಸಿದ ನಾಲ್ಕು ಗಂಟೆಯೊಳಗೆ ಖಾಲಿಯಾಗಬೇಕು. ಉಳಿದದ್ದನ್ನು ಮಾರನೆ ದಿನದ ಬೀಗರೂಟಕ್ಕೆ ಅಂತ ಎತ್ತಿಡೋದು ಬೇಡ, ತಿಪ್ಪೆಗೆ ಸುರಿಯಿರಿ, ಬೇಕಾದ್ರೆ ಹೊಸದಾಗಿ ಬೆರೆಸಿ. ಸಕ್ಕರೆ ಕಾಯಿಲೆಯವರಿಗೆ ಅಂತ ಪಕ್ಕದಲ್ಲೇ ನೀರುಮಜ್ಜಿಗೆ ಇರಲಿ.

ಬೇಲದ ಹಣ್ಣಿನ ಪಾನಕ ಇದಕ್ಕಿಂತ ರುಚಿ ಅಂತ ನನಗನ್ನಿಸುತ್ತದೆ, ಆದರೆ ಐನೂರು ಜನಕ್ಕೆ ಆಗುವ ಮಾತಲ್ಲ. ಒಂದು ದೊಡ್ಡ ಹಣ್ಣಿಗೆ ನಾಲ್ಕೈದು ಲೋಟ, ಬೀಜ ಸೋಸೋದೇ ಒಂದು ಕೆಲಸ. ನಿಶ್ಚಿತಾರ್ಥಕ್ಕೆ, ಐವತ್ತು ಜನ ಸೇರುವ ಕಡೆಗೆ ಮಾಡಬಹುದು. ಒಂದಡಿ ಮೇಲಿಂದ ಕಲ್ಲಿನ ಮೇಲೆ ಬಿಟ್ಟಾಗ ಪುಟಿದ್ರೆ ಕಾಯಿ, ದೊಪ್ಪನೆ ಕೂತ್ರೆ ಹಣ್ಣು. ನಿಂಬೆಯಂತೂ ಬೇಸಗೆಯಲ್ಲಿ ದರ ಏರಿರ್ತದೆ, ಹಿಂಡಿ ಬಹಳ ಹೊತ್ತು ಇಟ್ರೆ ಕಹಿಯಾಗ್ತದೆ ಬೇರೆ.

ಇನ್ನು ಚಪ್ಪರದ ರಾತ್ರಿ, ಬೀಗರೂಟದ ದಿನ ಹಿತ್ತಲಲ್ಲಿ ಕುಡಿಯುವವರು ಪಾನಕ ಕೊಟ್ಟ ಮಾತ್ರಕ್ಕೆ ಬಿಡ್ತಾರೆ ಅಂತ ನಾನು ಹೇಳೋದಿಲ್ಲ. ಆದರೆ ಅದನ್ನು ತರಿಸಿಕೊಡೋದು ಹೆಣ್ಣಿನ ತಂದೆಯ ಕರ್ತವ್ಯ ಅನ್ನುವ ಹಾಗಾಗಿದೆಯಲ್ಲ, ಅದು ನಿಲ್ಲಬೇಕು. ಮಳೆ ಕೈಕೊಟ್ಟ ವರ್ಷವೂ ಸಾಲ ಮಾಡಿ ಬಾಟಲಿ ತರುವವರಿದ್ದಾರೆ, ಶೇಂಗಾ ಬೆಳೆಯ ಮೇಲೆ ತಂದ ಸಾಲದಲ್ಲಿ. ಲಗ್ನಪತ್ರಿಕೆ ಬರೆಸುವ ದಿನವೇ ಎರಡೂ ಕಡೆಯ ಹಿರಿಯರು ಕೂತು, ಈ ಬಾಬ್ತು ಯಾರ ಲೆಕ್ಕಕ್ಕೂ ಇಲ್ಲ ಅಂತ ಮಾತಾಡಿಕೊಂಡ್ರೆ ಆಮೇಲೆ ಮುನಿಸಿಗೆ ಎಡೆ ಇರೋದಿಲ್ಲ. ಮದುವೆ ದಿನ ಹೇಳಿದ್ರೆ ಜಗಳ.

ಪಾಕ ಮಿಕ್ಕಿದ್ರೆ ತೊಳೆದು ಒಣಗಿಸಿದ ಗಾಜಿನ ಸೀಸೆಗೆ ತುಂಬಿ ಬೀಗರಿಗೆ ಕೊಟ್ಟು ಕಳಿಸಿ. ಒಂದಕ್ಕೆ ಆರು ನೀರು ಅಂತ ಹೇಳೋದು ಮರೀಬೇಡಿ, ಹಾಗೇ ಕುಡಿದು ಗಂಟಲು ಹಿಡ್ಕೊಂಡಾರು.