ದೊಡ್ಡ ಕರುಳಿನ ಹುಣ್ಣು: ಗಿಡಮೂಲಿಕೆಗೆ ಮುನ್ನ ತೀವ್ರತೆಯ ಅಳತೆ

ಮಲದಲ್ಲಿ ವಾರಗಟ್ಟಲೆ ರಕ್ತ, ಲೋಳೆ ಹೋಗುತ್ತಿದ್ದರೂ ಮೂಲವ್ಯಾಧಿ ಅಥವಾ ಆಮಶಂಕೆಯೆಂದು ಭಾವಿಸಿ ಮನೆಮದ್ದಿನಲ್ಲಿಯೇ ಕಾಲ ಕಳೆಯುವವರುಂಟು. ಅದು ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣುಂಟುಮಾಡುವ ಅಲ್ಸರೇಟಿವ್ ಕೊಲೈಟಿಸ್ ಆಗಿರಬಹುದು. ಇದು ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ಕೊಲೊನೋಸ್ಕೋಪಿ ಮತ್ತು ಅಂಗಾಂಶ ಪರೀಕ್ಷೆಯಿಂದ ರೋಗ ಖಚಿತವಾಗುತ್ತದೆ.

ತೀವ್ರತೆಯನ್ನು ಅಳೆಯಲು ಟ್ರೂಲವ್ ಮತ್ತು ವಿಟ್ಸ್ ಎಂಬ ವೈದ್ಯರು 1955ರಲ್ಲಿ ಪ್ರಕಟಿಸಿದ ಮಾನದಂಡಗಳು ಇಂದಿಗೂ ಬಳಕೆಯಲ್ಲಿವೆ. ದಿನಕ್ಕೆ 4ಕ್ಕಿಂತ ಕಡಿಮೆ ಬಾರಿ ಭೇದಿಯಾಗಿ, ಜ್ವರವಿಲ್ಲದಿದ್ದರೆ ರೋಗವು ಸೌಮ್ಯ. ದಿನಕ್ಕೆ 6 ಅಥವಾ ಹೆಚ್ಚು ಬಾರಿ ರಕ್ತಭೇದಿಯಾಗುವುದರ ಜೊತೆಗೆ 100 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರ, ನಿಮಿಷಕ್ಕೆ 90 ಮೀರಿದ ನಾಡಿಬಡಿತ ಅಥವಾ 10.5 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಕಂಡುಬಂದರೆ ರೋಗವು ತೀವ್ರ. ಅಂಥವರನ್ನು ವಿಳಂಬವಿಲ್ಲದೆ ಆಸ್ಪತ್ರೆಗೆ ದಾಖಲಿಸಬೇಕು. ಈ ಹಂತದಲ್ಲಿ ಕಷಾಯ, ಚೂರ್ಣಗಳನ್ನು ನಂಬಿ ಕಾಯುವುದು ಪ್ರಾಣಾಪಾಯಕ್ಕೆ ಎಡೆಮಾಡಬಹುದು.

ಅರಿಶಿನದ ಸಾರವಾದ ಕರ್ಕ್ಯುಮಿನ್ ಅನ್ನು ಮೆಸಲಮೈನ್ ಔಷಧದೊಂದಿಗೆ ನೀಡಿದಾಗ ಸೌಮ್ಯ ಹಾಗೂ ಮಧ್ಯಮ ರೋಗದಲ್ಲಿ ಪ್ರಯೋಜನವಾದುದು ಕೆಲವು ಚಿಕಿತ್ಸಾ ಪ್ರಯೋಗಗಳಲ್ಲಿ ಕಂಡುಬಂದಿದೆ. ಇದು ಪೂರಕವೇ ಹೊರತು ಮಾತ್ರೆಗೆ ಬದಲಿಯಲ್ಲ. ಕುಟಜದ (ಕೊಡಸಿಗ) ತೊಗಟೆ ಆಯುರ್ವೇದದಲ್ಲಿ ಅತಿಸಾರಕ್ಕೆ ಬಳಕೆಯಲ್ಲಿದೆ. ಅರ್ಹ ಆಯುಷ್ ವೈದ್ಯರ ಸಲಹೆಯಿಂದಲೇ ಅದನ್ನು ಸೇವಿಸತಕ್ಕದ್ದು, ಸೇವಿಸುತ್ತಿರುವುದನ್ನು ಚಿಕಿತ್ಸೆ ನೀಡುವ ವೈದ್ಯರಿಗೂ ತಿಳಿಸತಕ್ಕದ್ದು. ಹೆಸರು, ಘಟಕಗಳ ವಿವರವಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಅಥವಾ ಭಾರಲೋಹ ಬೆರೆತಿರುವ ಸಂಭವವಿದೆ.

ರಕ್ತ ನಿಂತಿತೆಂದು ಔಷಧವನ್ನು ತಾವಾಗಿಯೇ ನಿಲ್ಲಿಸಿದರೆ ರೋಗ ಮರುಕಳಿಸಬಹುದು. ಸದಸ್ಯರು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಗಳಲ್ಲಿ ಈ ಲಕ್ಷಣಗಳನ್ನು ವಿವರಿಸಿ, ಅಂಥವರನ್ನು ಆಶಾ ಕಾರ್ಯಕರ್ತೆಯರ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು. ತೀವ್ರ ಸ್ಥಿತಿಯಲ್ಲಿ 108 ಆಂಬುಲೆನ್ಸ್ ಕರೆಸುವುದು.