ಗಾಳಿಗೆ ಒಡೆದ ಸಿಮೆಂಟ್ ಶೀಟ್: ಕೈ ಹಾಕೋ ಮೊದಲು ಇದನ್ನು ಓದಿ

ಮುಂಗಾರಿಗೆ ಮೊದಲಿನ ಗಾಳಿ-ಮಳೆಗೆ ಮನೆ, ಕೊಟ್ಟಿಗೆ, ಪಂಪ್‌ಹೌಸ್‌ಗಳ ಸಿಮೆಂಟ್ ಶೀಟ್ ಒಡೆಯೋದು ಮಾಮೂಲು. ಮರುದಿನ ಚೂರುಗಳನ್ನು ಪೊರಕೆಯಿಂದ ಗುಡಿಸಿ, ಸುತ್ತಿಗೆಯಲ್ಲಿ ಪುಡಿ ಮಾಡಿ, ದಾರಿಯ ಗುಂಡಿಗೆ ಸುರಿಯೋದೂ ಮಾಮೂಲೇ. ಅಪಾಯ ಇರೋದು ಇಲ್ಲೇ.

ಶೀಟಿನೊಳಗೆ ಏನಿದೆ?

ಬೂದು ಬಣ್ಣದ ಈ ಅಲೆ ಶೀಟುಗಳಲ್ಲಿ ಹೆಚ್ಚಿನವು ಸಿಮೆಂಟಿಗೆ ಆಸ್ಬೆಸ್ಟಾಸ್, ಅಂದರೆ ಕಲ್ನಾರು, ಬೆರೆಸಿ ಮಾಡಿದವು. ಶೀಟ್ ಗಟ್ಟಿಯಾಗಿರೋವರೆಗೆ ನಾರು ಸಿಮೆಂಟಿನೊಳಗೇ ಇರುತ್ತದೆ. ಒಡೆದಾಗ, ಕೊರೆದಾಗ, ಉಜ್ಜಿದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರುತ್ತವೆ. ಉಸಿರಿನ ಜೊತೆ ಹೋಗಿ ಶ್ವಾಸಕೋಶದಲ್ಲಿ ಉಳಿದುಬಿಡುತ್ತವೆ.

ಎಲ್ಲ ಬಗೆಯ ಆಸ್ಬೆಸ್ಟಾಸ್ ಕ್ಯಾನ್ಸರ್ ತರಬಲ್ಲದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರೋಗ ಕಾಣಿಸಿಕೊಳ್ಳೋಕೆ 20–40 ವರ್ಷ ಹಿಡಿಯಬಹುದು. ಹಾಗಾಗಿ "ಅಪ್ಪ ಇದನ್ನೇ ಒಡೆದಿದ್ರು, ಏನೂ ಆಗಿಲ್ಲ" ಅನ್ನೋ ಧೈರ್ಯ ಬೇಡ. ಬೀಡಿ, ಸಿಗರೇಟು ಸೇದೋರಿಗೆ ಅಪಾಯ ಇನ್ನೂ ಹೆಚ್ಚು.

ಹಾಗಂತ ಗಾಬರಿಯೂ ಬೇಡ. ಶೀಟ್ ಚೆನ್ನಾಗಿದ್ದರೆ ಹಾಗೇ ಬಿಡಿ. ಪಾಚಿ ಕಟ್ಟಿದೆ ಅಂತ ತಂತಿ ಬ್ರಷ್‌ನಲ್ಲಿ ಉಜ್ಜಬೇಡಿ.

ಒಡೆದಿದ್ದರೆ ಹೀಗೆ ಮಾಡಿ

- ಪರಿಹಾರಕ್ಕೆ ಅರ್ಜಿ ಹಾಕೋದಿದ್ದರೆ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ.
- ಮಕ್ಕಳು, ದನಕರುಗಳನ್ನು ದೂರ ಕಳಿಸಿ.
- ಟವೆಲ್, ಬಟ್ಟೆ ಮಾಸ್ಕ್ ಈ ಎಳೆಗಳನ್ನು ತಡೆಯಲ್ಲ. ಎಫ್‌ಎಫ್‌ಪಿ3 ಅಥವಾ ಪಿ100 ಎಂದು ಬರೆದಿರೋ ಮಾಸ್ಕ್ ತನ್ನಿ. ಗ್ಲೌಸ್ ಹಾಕಿ.
- ಚೂರುಗಳನ್ನು ನೀರಿನಿಂದ ನೆನೆಸಿ. ಚೆನ್ನಾಗಿ ತೊಳೆದ ಸ್ಪ್ರೇ ಪಂಪಿನಲ್ಲಿ ನೀರಿಗೆ ಸ್ವಲ್ಪ ಪಾತ್ರೆ ಸೋಪು ಬೆರೆಸಿ ಮೆಲ್ಲಗೆ ಸಿಂಪಡಿಸಿ. ಪೈಪಿನಿಂದ ಜೋರಾಗಿ ನೀರು ಹಾಯಿಸಬೇಡಿ.
- ಚೂರುಗಳನ್ನು ಕೈಯಲ್ಲಿ ಆರಿಸಿ. ಉಳಿದ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಚೂರುಗಳ ಜೊತೆಗೇ ಹಾಕಿ. ಒಣ ಪೊರಕೆ ಬೇಡ.
- ದಪ್ಪ ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಸುತ್ತಿ, ಟೇಪ್ ಹಾಕಿ, ಮೇಲೆ "ಆಸ್ಬೆಸ್ಟಾಸ್, ಬಿಚ್ಚಬೇಡಿ" ಎಂದು ಬರೆಯಿರಿ.
- ಕೆಲಸ ಮುಗಿದ ಮೇಲೆ ಸ್ನಾನ ಮಾಡಿ. ಹಾಕಿದ್ದ ಬಟ್ಟೆಯನ್ನು ಕೊಡವದೆ ಬೇರೆಯಾಗಿ ನೆನೆಸಿ ಒಗೆಯಿರಿ.

ಇವನ್ನು ಮಾತ್ರ ಬೇಡ

ಗ್ರೈಂಡರ್‌ನಲ್ಲಿ ಕತ್ತರಿಸಬೇಡಿ. ಪುಡಿ ಮಾಡಿ ಕೊಟ್ಟಿಗೆ ನೆಲಕ್ಕೋ ಗುಂಡಿಗೋ ತುಂಬಬೇಡಿ, ಓಡಾಡಿದಂತೆ ಧೂಳು ಏಳುತ್ತಲೇ ಇರುತ್ತದೆ. ಕೆರೆ, ಹಳ್ಳಕ್ಕೆ ಎಸೆಯಬೇಡಿ. ಮುಖ್ಯವಾಗಿ, ಹಳೇ ಶೀಟಿನ ಮೇಲೆ ಕಾಲಿಡಬೇಡಿ. ಭಾರ ತಡೆಯದೆ ಮುರಿದರೆ ಜೀವಕ್ಕೇ ಅಪಾಯ. ಇಡೀ ಚಾವಣಿ ಇಳಿಸೋದಿದ್ದರೆ ಅನುಭವ ಇರೋರನ್ನೇ ಕರೆಸಿ.

ಕಟ್ಟಿಟ್ಟ ಮೂಟೆ ಎಲ್ಲಿಗೆ ಕೊಡಬೇಕು ಅಂತ ಗ್ರಾಮ ಪಂಚಾಯಿತಿಯಲ್ಲಿ ಅಥವಾ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಕೇಳಿ. ಅಲ್ಲಿವರೆಗೆ ಯಾರೂ ತುಳಿಯದ ಮೂಲೆಯಲ್ಲಿಡಿ.

ಹೊಸದಾಗಿ ಹಾಕೋದಾದರೆ ಹೆಂಚು ಅಥವಾ ತಗಡಿನ ಶೀಟ್ ನೋಡಿ. ತಗಡು ಬಿಸಿ ಅನ್ನೋರು ಮೇಲೆ ಬಿಳಿ ಬಣ್ಣ ಬಳಿದು, ತೆಂಗಿನ ಗರಿ ಹೊದಿಸಿದರೆ ಹಸುಗಳಿಗೂ ತಂಪು. ಸಿಮೆಂಟ್ ಶೀಟೇ ಬೇಕೆಂದರೆ ಆಸ್ಬೆಸ್ಟಾಸ್ ಇಲ್ಲದ್ದನ್ನೇ ಕೇಳಿ, ಬಿಲ್ಲಿನಲ್ಲೂ ಹಾಗೇ ಬರೆಸಿಕೊಳ್ಳಿ.